ನಿಂತಲ್ಲಿ ನಡುಕ, ಏರಿನಲ್ಲಿ ಏದುಸಿರು

ಕೋಲ್ಕತ್ತದ ಹಳದಿ ಅಂಬಾಸಿಡರ್ ಟ್ಯಾಕ್ಸಿಯನ್ನೂ, ಬಿಸಿಲಿರುವ ಭಾನುವಾರ ಮಾತ್ರ ಮನೆಯಿಂದ ಹೊರಬೀಳುವ ಇಂಗ್ಲೆಂಡಿನ ಎಂಜಿ ಸ್ಪೋರ್ಟ್ಸ್ ಕಾರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಇವೆರಡೂ ಒಂದೇ ಮನೆತನದವು ಎಂದು ಯಾರೂ ಹೇಳಲಾರರು. ಒಂದಕ್ಕೆ ಮದುವೆ ದಿಬ್ಬಣವನ್ನೇ ತುಂಬಿಕೊಳ್ಳುವ ಹೊಟ್ಟೆ, ಇನ್ನೊಂದಕ್ಕೆ ಇಬ್ಬರು ಕೂತರೆ ಮುಗಿಯಿತು. ಆದರೆ ಬಾನೆಟ್ ಎತ್ತಿದರೆ ಮಾತು ಬೇರೆ. 1955ರಲ್ಲಿ ಬಂದ ಎಂಜಿಎ ಕಾರಿನ ಎಂಜಿನ್ 1489 ಸಿಸಿಯದು. 1950ರ ದಶಕದ ಕೊನೆಯಲ್ಲಿ ಅಂಬಾಸಿಡರ್‌ಗೆ ಬಂದು ಕೂತು, ಮುಂದೆ ದಶಕಗಟ್ಟಲೆ ಈ ದೇಶದ ಮಂತ್ರಿಗಳನ್ನೂ ಬಾಡಿಗೆ ಪ್ರಯಾಣಿಕರನ್ನೂ ಎಳೆದ ಎಂಜಿನ್ ಕೂಡ 1489 ಸಿಸಿಯದೇ. ಎರಡೂ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಎಂಬ ಕಂಪನಿಯ 'ಬಿ-ಸೀರೀಸ್' ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಸ್ಪೋರ್ಟ್ಸ್ ಕಾರಿಗೆ ಎರಡು ಕಾರ್ಬೊರೇಟರ್, ಟ್ಯಾಕ್ಸಿಗೆ ಒಂದು. ಉಳಿದದ್ದು ಹೆಚ್ಚುಕಡಿಮೆ ದಾಯಾದಿ ಸಂಬಂಧ.

ಹಾಗಾಗಿ ಅವುಗಳ ಕಾಯಿಲೆಗಳೂ ಒಂದೇ. ಆಕ್ಸ್‌ಫರ್ಡಿನ ಹತ್ತಿರದ ಗ್ಯಾರೇಜಿಗಾಗಲಿ ಭವಾನಿಪುರದ ಗ್ಯಾರೇಜಿಗಾಗಲಿ ಇಂಥ ಕಾರು ಬಂತೆಂದರೆ ಬಹಳ ಸಲ ದೂರು ಎರಡೇ. ನಿಂತಾಗ ಎಂಜಿನ್ ನಡುಗುತ್ತದೆ. ಏರು ಬಂದರೆ ಎಳೆಯುವುದಿಲ್ಲ. ಕನ್ನಡದ ಗ್ಯಾರೇಜುಗಳಲ್ಲಿ ಎರಡನೆಯದಕ್ಕೆ 'ಪಿಕಪ್ ಇಲ್ಲ' ಎನ್ನುತ್ತಾರೆ. ಮೊದಲನೆಯದಕ್ಕೆ 'ಸ್ಲೋದಲ್ಲಿ ನಿಲ್ಲಲ್ಲ' ಎನ್ನುತ್ತಾರೆ. ಭಾಷೆಯ ಕಡೆ ಸ್ವಲ್ಪ ಕಿವಿ ಇರುವವರಿಗೆ ಈ ಮಾತು ಮಜಾ ಕೊಡುತ್ತದೆ. 'ಸ್ಲೋದಲ್ಲಿ ನಿಲ್ಲಲ್ಲ, ನಿಂತುಹೋಗುತ್ತೆ' ಎಂದು ಗಾಡಿಯವನು ಹೇಳಿದಾಗ ಒಂದೇ ಕ್ರಿಯಾಪದ ಒಂದೇ ಉಸಿರಿನಲ್ಲಿ ಎರಡು ವಿರುದ್ಧ ಅರ್ಥ ಕೊಡುತ್ತದೆ. ಮೊದಲ 'ನಿಲ್ಲು' ಎಂದರೆ ಓಡುತ್ತಲೇ ಇರುವುದು, ಎರಡನೆಯದು ಓಟ ಮುಗಿಸುವುದು. ಮೆಕ್ಯಾನಿಕ್ಕಿಗೆ ಇದರಲ್ಲಿ ಗೊಂದಲವೇ ಇಲ್ಲ.

ಈ ಎರಡು ದೂರುಗಳನ್ನು ಬಿಡಿಸುವ ವಿದ್ಯೆಗೆ ಒಂದು ಚರಿತ್ರೆ ಇದೆ. ಅದನ್ನು ಹೇಳಲು ಎಂಜಿಎಯ ತಮ್ಮ ಎಂಜಿಬಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಸಣ್ಣ ಊರಿನ ಕಾರ್ಖಾನೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಬಹುಪಾಲು ಅಮೆರಿಕಕ್ಕೆ ಹಡಗೇರಿದವು. ಅದೇ ಬಿ-ಸೀರೀಸ್ ಎಂಜಿನ್ನನ್ನು 1798 ಸಿಸಿಗೆ ಹಿಗ್ಗಿಸಿದ್ದರು, 95 ಅಶ್ವಶಕ್ತಿ. ಆ ಹದಿನೆಂಟು ವರ್ಷಗಳಲ್ಲಿ ಮೋಟರ್ ಲೋಕದಲ್ಲಿ ಏನೇನಾಯಿತೋ ಅದರ ಗಾಯವೆಲ್ಲ ಈ ಒಂದು ಎಂಜಿನ್ನಿನ ಮೇಲೆ ಉಳಿದಿದೆ.

ಕಥೆ ಶುರುವಾಗುವುದು ಚಪ್ಪಲಿ ಅಂಗಡಿಯಿಂದ. ಲಂಡನ್ನಿನ ಲಿಲಿ ಆಂಡ್ ಸ್ಕಿನ್ನರ್ ಎಂಬ ಪಾದರಕ್ಷೆ ವ್ಯಾಪಾರದ ಮನೆತನದಲ್ಲಿ ಹುಟ್ಟಿದ ಜಾರ್ಜ್ ಹರ್ಬರ್ಟ್ ಸ್ಕಿನ್ನರ್‌ಗೆ ಕಾರುಗಳ ಹುಚ್ಚು. 20ನೇ ಶತಮಾನದ ಮೊದಲ ದಶಕದಲ್ಲಿ ಆತ ರೂಪಿಸಿದ ಕಾರ್ಬೊರೇಟರ್‌ನೊಳಗೆ ಇದ್ದದ್ದು ಚರ್ಮದ ತಿದಿ. ಕಮ್ಮಾರನ ಕುಲುಮೆಯ ತಿದಿಯ ಪುಟಾಣಿ ಮರಿ ಅನ್ನಬಹುದು. ಚರ್ಮ ಮನೆಯಲ್ಲೇ ಇತ್ತಲ್ಲ. ಸ್ಕಿನ್ನರ್ ಯೂನಿಯನ್ ಎಂಬ ಹೆಸರು ಎಸ್‌ಯು ಎಂದು ಚಿಕ್ಕದಾಯಿತು, ಚರ್ಮದ ತಿದಿ ಹೋಗಿ ಲೋಹದ ಪಿಸ್ಟನ್ ಬಂತು. 1926ರಲ್ಲಿ ವಿಲಿಯಂ ಮಾರಿಸ್ ಈ ಕಂಪನಿಯನ್ನು ಕೊಂಡ. ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಹೀಗೆ ಕಾರೂ ಅದರ ಶ್ವಾಸಕೋಶವೂ ಒಂದೇ ಯಜಮಾನನ ಕೈಗೆ ಬಂದವು.

ಆದರೆ ತಿದಿಯ ಕಲ್ಪನೆ ಉಳಿಯಿತು. ಎಸ್‌ಯು ಕಾರ್ಬೊರೇಟರ್‌ನಲ್ಲಿ ಒಂದು ಗಂಟೆಯಾಕಾರದ ಡಬ್ಬಿ, ಅದರೊಳಗೆ ಮೇಲೆ ಕೆಳಗೆ ಜಾರುವ ಪಿಸ್ಟನ್. ಪಿಸ್ಟನ್ನಿನ ಅಡಿಯಿಂದ ಒಂದು ಮೊನಚು ಸೂಜಿ ಪೆಟ್ರೋಲ್ ಬರುವ ರಂಧ್ರದೊಳಗೆ ಇಳಿದಿರುತ್ತದೆ. ಎಂಜಿನ್ ಹೆಚ್ಚು ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇಳುತ್ತದೆ, ಸೂಜಿಯೂ ಜತೆಗೇ ಎದ್ದು ರಂಧ್ರ ಅಗಲವಾಗುತ್ತದೆ, ಪೆಟ್ರೋಲ್ ಹೆಚ್ಚು ಬರುತ್ತದೆ. ಗಾಳಿ ಕಡಿಮೆಯಾದರೆ ಪಿಸ್ಟನ್ ಇಳಿಯುತ್ತದೆ. ಸುಮಾರು 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಎಂಬ ತೂಕದ ಲೆಕ್ಕವನ್ನು ಈ ಸೂಜಿ ತನ್ನ ಮೊನಚಿನ ಏರಿಳಿತದಲ್ಲೇ ಮಾಡಿಬಿಡುತ್ತದೆ. ಪಿಸ್ಟನ್ ಗಡಬಡಿಸಿ ಏಳದಿರಲೆಂದು ಮೇಲಿನ ಕೊಳವೆಯಲ್ಲಿ ಒಂದಿಷ್ಟು ತೆಳು ಎಣ್ಣೆ. ಆ ಎಣ್ಣೆ ಆರಿಹೋದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾರು ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಎಷ್ಟೋ ಜನ 'ಪಿಕಪ್ ಹೋಯ್ತು' ಎಂದು ಎಂಜಿನ್ ಬಿಚ್ಚಿಸಲು ಹೊರಟಾಗ ಬೇಕಾಗಿದ್ದದ್ದು ಒಂದು ಚಮಚ ಎಣ್ಣೆ.

ಈ ಯಂತ್ರದ ದೊಡ್ಡ ಗುಣವೆಂದರೆ ಅದನ್ನು ಪ್ರಶ್ನೆ ಕೇಳಬಹುದು. ಎಂಜಿನ್ ಬಿಸಿಯಾಗಿ ನಿಧಾನಕ್ಕೆ ಓಡುತ್ತಿರುವಾಗ ಕಾರ್ಬೊರೇಟರಿನ ಪಕ್ಕದ ಸಣ್ಣ ಪಿನ್ ಒತ್ತಿ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಬೇಕು, ಅಷ್ಟೆ. ಎಂಜಿನ್ ವೇಗ ಒಂದು ಚೂರು ಏರಿ ಮತ್ತೆ ಮೊದಲಿನಂತಾದರೆ ಮಿಶ್ರಣ ಸರಿ. ಏರಿ ಅಲ್ಲೇ ಉಳಿದರೆ ಪೆಟ್ರೋಲ್ ಹೆಚ್ಚು. ತಡವರಿಸಿ ಆರುವಂತಾದರೆ ಪೆಟ್ರೋಲ್ ಕಡಿಮೆ. ಮೀಟರ್ ಬೇಡ, ಕಂಪ್ಯೂಟರ್ ಬೇಡ. ಎರಡು ಕಾರ್ಬೊರೇಟರ್‌ಗಳು ಸಮನಾಗಿ ಉಸಿರಾಡುತ್ತಿವೆಯೇ ಎಂದು ನೋಡಲು ಒಂದು ಮಾರುದ್ದದ ರಬ್ಬರ್ ಪೈಪ್ ಸಾಕಿತ್ತು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರಿನ ಬಾಯಿಗೆ. ಎರಡರ ಬುಸುಗುಟ್ಟುವ ಸದ್ದು ಒಂದೇ ಸಮ ಕೇಳುವವರೆಗೆ ಸ್ಕ್ರೂ ತಿರುಗಿಸುವುದು. ನಿಪುಣರ ಕಿವಿ ಇದರಲ್ಲಿ ಎಷ್ಟು ಪಳಗಿತ್ತೆಂದರೆ ಆಮೇಲೆ ಬಂದ ಗಾಳಿಯಳೆಯುವ ಮೀಟರುಗಳನ್ನು ಹಲವರು ಕೊಂಡು ಕಪಾಟಿನಲ್ಲಿಟ್ಟರು.

ಆದರೂ ಕಿವಿಯೊಂದೇ ಸಾಲದು. ಯೋಚನೆಯ ದಾರಿಯೂ ಬೇಕು. ಹಳೆಯ ಮೆಕ್ಯಾನಿಕ್ಕುಗಳು ಹಿಡಿಯುತ್ತಿದ್ದ ಮೊದಲ ಸುಳಿವು ಎರಡು ದೂರುಗಳಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂಬುದು. ಎಂಜಿನ್ ಸುಮ್ಮನೆ ಓಡುವಾಗ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ. ಪಿಸ್ಟನ್ನುಗಳು ಗಾಳಿಗಾಗಿ ಎಳೆಯುತ್ತಿರುತ್ತವೆ, ದಾರಿ ಇಲ್ಲ. ಹಾಗಾಗಿ ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ಕೊಳವೆಯಲ್ಲಿ ಜೋರಾದ ನಿರ್ವಾತ. ಅಲ್ಲಿ ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ನಡುಗುತ್ತದೆ. ಥ್ರಾಟಲ್ ಪೂರ್ತಿ ತೆರೆದಾಗ ಆ ನಿರ್ವಾತವೇ ಇಲ್ಲ, ಗಾಳಿಯೂ ಧಾರಾಳ. ಬಿರುಕಿನಿಂದ ಬರುವ ಗಾಳಿ ಸಮುದ್ರಕ್ಕೆ ಸುರಿದ ಚೊಂಬು ನೀರು. ಆದ್ದರಿಂದ ನಿಂತಾಗ ನಡುಗಿ ಓಡುವಾಗ ನೆಟ್ಟಗಿರುವ ಕಾರಿನಲ್ಲಿ ಹುಡುಕಬೇಕಾದ್ದು ಗಾಳಿ ಸೋರಿಕೆ. ಗ್ಯಾಸ್ಕೆಟ್, ಸವೆದ ಥ್ರಾಟಲ್ ಸ್ಪಿಂಡಲ್, ಬ್ರೇಕಿನ ಸರ್ವೊಗೆ ಹೋಗುವ ಪೈಪು.

ಇದಕ್ಕೆ ತದ್ವಿರುದ್ಧ, ನಿಂತಾಗ ಗಡಿಯಾರದಂತೆ ಓಡಿ ಏರಿನಲ್ಲಿ ಏದುಸಿರು ಬಿಡುವ ಕಾರು. ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ. ಎಂಜಿಬಿಯ ಪೆಟ್ರೋಲ್ ಪಂಪು ಹಿಂದಿನ ಚಕ್ರದ ಹತ್ತಿರ ರಸ್ತೆಯ ಧೂಳು ನೀರೆಲ್ಲ ತಿನ್ನುವ ಜಾಗದಲ್ಲಿತ್ತು. ಅದೂ ಎಸ್‌ಯು ಕಂಪನಿಯದೇ, ವಿದ್ಯುತ್ತಿನದು. ಬೀಗದ ಕೈ ತಿರುಗಿಸಿದರೆ ಟಿಕ್ ಟಿಕ್ ಎಂದು ಕೆಲವು ಸಲ ಬಡಿದು, ಪೆಟ್ರೋಲ್ ತುಂಬಿದ ಮೇಲೆ ಸುಮ್ಮನಾಗಬೇಕು. ಬಡಿಯುತ್ತಲೇ ಇದ್ದರೆ ಟ್ಯಾಂಕ್ ಖಾಲಿ ಅಥವಾ ಎಲ್ಲೋ ಸೋರುತ್ತಿದೆ. ಬಡಿಯದೇ ಇದ್ದರೆ ಪಂಪಿನೊಳಗಿನ ಕಾಂಟ್ಯಾಕ್ಟುಗಳು ಸುಟ್ಟಿವೆ. ಆಗ ಇಳಿದು ಪಂಪಿಗೆ ಒಂದು ಏಟು ಕೊಟ್ಟರೆ ಮನೆ ಮುಟ್ಟಬಹುದು. ಎಂಜಿ ಓಡಿಸುವವರ ಬಳಗದಲ್ಲಿ ಇದಕ್ಕೆಂದೇ ಡಿಕ್ಕಿಯಲ್ಲಿ ಸಣ್ಣ ಸುತ್ತಿಗೆ ಇಟ್ಟುಕೊಳ್ಳುವುದು ನಗೆಯ ಮಾತೂ ಹೌದು, ನಿಜವೂ ಹೌದು.

ಎರಡೂ ದೂರು ಒಟ್ಟಿಗೇ ಬಂದರೆ? ಕಷ್ಟದ ಕೆಲಸ ಇಲ್ಲಿಂದ ಶುರು. ಬಿ-ಸೀರೀಸ್ ಎಂಜಿನ್ನಿನ ವಿನ್ಯಾಸದ ಒಂದು ಬಡತನ ಇಲ್ಲಿ ಉಪಕಾರಕ್ಕೆ ಬಂತು. ನಾಲ್ಕು ಸಿಲಿಂಡರ್ ಇದ್ದರೂ ಗಾಳಿ ಒಳಬರುವ ಬಾಗಿಲುಗಳು ಎರಡೇ. ಮೊದಲ ಎರಡು ಸಿಲಿಂಡರಿಗೆ ಒಂದು, ಕೊನೆಯ ಎರಡಕ್ಕೆ ಒಂದು. ಎಂಜಿನಿಯರುಗಳು ಇದನ್ನು ಕೊರತೆ ಎಂದೇ ಕರೆಯುತ್ತಿದ್ದರು, ಏಕೆಂದರೆ ಪಕ್ಕದ ಸಿಲಿಂಡರುಗಳು ಒಂದರ ಗಾಳಿಯನ್ನು ಇನ್ನೊಂದು ಕದಿಯುತ್ತವೆ. ಆದರೆ ರೋಗ ಹುಡುಕುವವನಿಗೆ ಇದು ವರ. ಮುಂದಿನ ಕಾರ್ಬೊರೇಟರ್ ಮುಖ್ಯವಾಗಿ ಒಂದು ಮತ್ತು ಎರಡನೇ ಸಿಲಿಂಡರಿಗೆ ಉಣಿಸುತ್ತದೆ, ಹಿಂದಿನದು ಮೂರು ಮತ್ತು ನಾಲ್ಕಕ್ಕೆ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟರೆ ಅವು ಮಾತಾಡುತ್ತವೆ. ತಿಳಿ ಕಂದು ಬಣ್ಣ ಇದ್ದರೆ ಆರೋಗ್ಯ. ಕಾಡಿಗೆಯಂಥ ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬೂದಿಯಂತೆ ಬಿಳುಚಿದ್ದರೆ ಕಡಿಮೆ, ಎಣ್ಣೆಯ ಜಿಡ್ಡಿದ್ದರೆ ರಿಂಗ್ ಸವೆದಿದೆ. ಮೊದಲೆರಡು ಕಪ್ಪಾಗಿ ಉಳಿದೆರಡು ಸರಿಯಿದ್ದರೆ ಮುಂದಿನ ಕಾರ್ಬೊರೇಟರನ್ನು ಹಿಡಿಯಬೇಕು. ಒಂದೇ ಒಂದು ಕೆಟ್ಟಿದ್ದರೆ ಕಾರ್ಬೊರೇಟರ್ ನಿರಪರಾಧಿ. ಒಂದೇ ಕೊಳವೆಯ ನೀರು ಕುಡಿದ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಭೇದಿಯಾದರೆ ನೀರನ್ನು ದೂರುವ ಹಾಗಿಲ್ಲ.

ಯಾವ ಸಿಲಿಂಡರ್ ಕೆಲಸ ಕದಿಯುತ್ತಿದೆ ಎಂದು ಹಿಡಿಯುವ ಉಪಾಯ ಅಂಬಾಸಿಡರ್ ಕಂಡವರಿಗೆಲ್ಲ ಗೊತ್ತು. ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ಪ್ಲಗ್ಗಿನ ವೈರ್ ಕೀಳುವುದು. ವೇಗ ಕುಸಿದರೆ ಆ ಸಿಲಿಂಡರ್ ಅಲ್ಲಿಯವರೆಗೆ ದುಡಿಯುತ್ತಿತ್ತು. ಏನೂ ವ್ಯತ್ಯಾಸವಾಗದಿದ್ದರೆ ಅದೇ ಕಳ್ಳ. ಕೈಗೆ ಸಾವಿರಾರು ವೋಲ್ಟಿನ ಏಟು ಬೀಳುವ ಭಯ ಇದ್ದೇ ಇತ್ತು. ಹಾಗಾಗಿ ಈ ಕೆಲಸ ಸಾಮಾನ್ಯವಾಗಿ ಗ್ಯಾರೇಜಿನ ಹುಡುಗನ ಪಾಲಿಗೆ ಬರುತ್ತಿತ್ತು.

ಕಿಡಿಯ ಕಥೆಗೆ ಬಂದರೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ಒಹಾಯೊದ ಡೇಟನ್ ಊರಿನಲ್ಲಿ 1909ರಲ್ಲಿ ಆತ ಕಟ್ಟಿದ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿಯ ಮೊದಲಕ್ಷರಗಳನ್ನು ಪೋಣಿಸಿದರೆ ಡೆಲ್ಕೊ. ಬ್ಯಾಟರಿ, ಕಾಯಿಲ್, ತೆರೆದು ಮುಚ್ಚುವ ಕಾಂಟ್ಯಾಕ್ಟ್ ಪಾಯಿಂಟ್, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಎಂಬ ವ್ಯವಸ್ಥೆ ಆತನದು. ಫ್ರೆಂಚರು ಡಿಸ್ಟ್ರಿಬ್ಯೂಟರ್‌ಗೆ ಇವತ್ತಿಗೂ 'ಡೆಲ್ಕೊ' ಎಂದೇ ಹೇಳುತ್ತಾರೆ. ನಾವು ಡಾಲ್ಡಾ, ಝೆರಾಕ್ಸ್ ಎನ್ನುವ ಹಾಗೆ. ಅರ್ಧ ಶತಮಾನ ದಾಟಿದ ಮೇಲೂ ಎಂಜಿಬಿಯಲ್ಲಿ ಇದ್ದದ್ದು ಇದೇ ವ್ಯವಸ್ಥೆ, ಲ್ಯೂಕಾಸ್ ಕಂಪನಿಯ ಕೈಯಲ್ಲಿ ತಯಾರಾದದ್ದು. ಬ್ರಿಟಿಷ್ ಕಾರುಪ್ರಿಯರು ಜೋಸೆಫ್ ಲ್ಯೂಕಾಸನನ್ನು 'ಕತ್ತಲೆಯ ರಾಜಕುಮಾರ' ಎಂದು ಗೇಲಿ ಮಾಡುತ್ತಾರೆ. ಇದರಲ್ಲಿ ಅರ್ಧ ಅನ್ಯಾಯವಿದೆ. ಅದೇ ಲ್ಯೂಕಾಸ್ ಕಂಪನಿ ಟಿವಿಎಸ್ ಜತೆ ಸೇರಿ 1961ರಲ್ಲಿ ಮದ್ರಾಸಿನಲ್ಲಿ ಲ್ಯೂಕಾಸ್-ಟಿವಿಎಸ್ ಆಯಿತು. ಪಾಡಿಯ ಆ ಕಾರ್ಖಾನೆಯ ಮಾಲು ಈ ದೇಶದ ಎಷ್ಟೋ ಗಾಡಿಗಳನ್ನು ಮಳೆ, ಬಿಸಿಲು, ಧೂಳಿನಲ್ಲಿ ದಶಕಗಳ ಕಾಲ ಓಡಿಸಿತು.

800 ಸುತ್ತಿನ ನಿಧಾನಗತಿಯಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ನಿಮಿಷಕ್ಕೆ 1600 ಕಿಡಿ ಬೇಕು. 95 ಅಶ್ವಶಕ್ತಿ ಕೊಡುವ 5400 ಸುತ್ತಿನಲ್ಲಿ 10,800. ಇಷ್ಟನ್ನೂ ಅರ್ಧ ಮಿಲಿಮೀಟರಿಗಿಂತ ಕಡಿಮೆ ಅಂತರದಲ್ಲಿ ತೆರೆಯುವ ಒಂದು ಜೊತೆ ಲೋಹದ ತುಂಡುಗಳು ಮಾಡಬೇಕು. ಅವು ಸವೆಯುತ್ತವೆ, ಸುಡುತ್ತವೆ, ಅಂತರ ಬದಲಾಗುತ್ತದೆ, ಅದರೊಂದಿಗೆ ಕಿಡಿ ಹಾರುವ ಗಳಿಗೆಯೂ ಜಾರುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಎಂಜಿನ್ ವೇಗ ಹೆಚ್ಚಿದಂತೆ ಕಿಡಿ ಇನ್ನಷ್ಟು ಮುಂಚೆ ಹಾರಬೇಕು, ಏಕೆಂದರೆ ಪೆಟ್ರೋಲ್ ಉರಿಯಲು ಬೇಕಾದ ಹೊತ್ತು ಅಷ್ಟಾಗಿ ಕಡಿಮೆಯಾಗುವುದಿಲ್ಲ, ಪಿಸ್ಟನ್ ಮಾತ್ರ ಧಾವಿಸುತ್ತಿರುತ್ತದೆ. ಇದಕ್ಕಾಗಿ ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿ ಎರಡು ತೂಕದ ಬಿಲ್ಲೆಗಳು, ಎರಡು ಸ್ಪ್ರಿಂಗುಗಳು. ವೇಗ ಬಂದಾಗ ಬಿಲ್ಲೆಗಳು ತಿರುಗಣೆಯ ಉಯ್ಯಾಲೆಯಂತೆ ಹೊರಕ್ಕೆ ಚಾಚಿ ಕಿಡಿಯನ್ನು ಮುಂದೆ ತಳ್ಳುತ್ತವೆ. ತುಕ್ಕು ಹಿಡಿದು ಬಿಲ್ಲೆಗಳು ಅಂಟಿಕೊಂಡರೆ ನಿಂತಾಗ ಏನೂ ಗೊತ್ತಾಗದು, ಹೆದ್ದಾರಿಗೆ ಬಂದಾಗ ಕಾರು ಎತ್ತಿನಗಾಡಿ. ನಿರ್ವಾತದಿಂದ ಕಿಡಿಯನ್ನು ಹೊಂದಿಸುವ ಇನ್ನೊಂದು ಡಬ್ಬಿಯ ಒಳಪೊರೆ ಹರಿದರೆ ಮತ್ತೂ ವಿಚಿತ್ರ. ಕಿಡಿಯೂ ತಪ್ಪುತ್ತದೆ, ಹರಿದ ಪೊರೆಯಿಂದ ಗಾಳಿಯೂ ಸೋರುತ್ತದೆ. ಒಂದೇ ತುಂಡು ರಬ್ಬರಿನಿಂದ ಎರಡೂ ಕಾಯಿಲೆ.

ಬಹಳ ಜನ ಎಡವುವುದು ಈ ಕಿಡಿಯ ವಿಷಯದಲ್ಲೇ. ಕಾರ್ಬೊರೇಟರ್ ಕಣ್ಣಿಗೆ ಕಾಣುತ್ತದೆ, ಹೊಳೆಯುತ್ತದೆ, ತಿರುಗಿಸಲು ಸ್ಕ್ರೂ ಇದೆ. ಕಿಡಿ ಕಾಣುವುದಿಲ್ಲ. ಹಾಗಾಗಿ ಎಂಜಿನ್ ನಡುಗಿದ ಕೂಡಲೇ ಕೈ ಹೋಗುವುದು ಕಾರ್ಬೊರೇಟರಿಗೆ. 'ಕಾರ್ಬೊರೇಟರ್ ಕಾಯಿಲೆಗಳಲ್ಲಿ ಬಹುಪಾಲು ಕರೆಂಟಿನ ಕಾಯಿಲೆಗಳೇ' ಎಂಬ ಮಾತು ಹಳೆಯ ಗ್ಯಾರೇಜುಗಳಲ್ಲಿ ಎಲ್ಲ ಭಾಷೆಯಲ್ಲೂ ಇದೆ. ಅದಕ್ಕೇ ಒಳ್ಳೆಯ ಕೈಪಿಡಿಗಳು ಕಟ್ಟುನಿಟ್ಟಾದ ಕ್ರಮ ಹೇಳುತ್ತಿದ್ದವು. ಮೊದಲು ವಾಲ್ವಿನ ಅಂತರ, ಆಮೇಲೆ ಪಾಯಿಂಟು ಮತ್ತು ಟೈಮಿಂಗ್, ಕಾರ್ಬೊರೇಟರ್ ಎಲ್ಲಕ್ಕಿಂತ ಕೊನೆಗೆ. ಕ್ರಮ ತಪ್ಪಿದರೆ ಒಂದು ತಪ್ಪನ್ನು ಮುಚ್ಚಲು ಇನ್ನೊಂದನ್ನು ಕೆಡಿಸಿದಂತೆ. ಅಲ್ಲಿಂದ ಮೂರನೇ ಮೆಕ್ಯಾನಿಕ್ ಬರುವ ಹೊತ್ತಿಗೆ ಕಾರಿನಲ್ಲಿ ಮೂಲ ದೋಷದ ಮೇಲೆ ಇನ್ನೆರಡು ಕೂತಿರುತ್ತವೆ.

ಕಿವಿ, ಮೂಗು, ಪ್ಲಗ್ಗಿನ ಬಣ್ಣದ ಈ ವಿದ್ಯೆಗೆ ಎರಡನೇ ಮಹಾಯುದ್ಧದ ನಂತರ ಉಪಕರಣಗಳು ಸೇರಿಕೊಂಡವು. ಬ್ರಿಟನ್ನಿನಲ್ಲಿ ಕ್ರಿಪ್ಟನ್ ಎಂಬ ಕಂಪನಿಯ ಕಪಾಟಿನಷ್ಟು ದೊಡ್ಡ ಯಂತ್ರ ಗ್ಯಾರೇಜಿನ ಪ್ರತಿಷ್ಠೆಯಾಯಿತು, 'ಕ್ರಿಪ್ಟನ್ ಟ್ಯೂನಿಂಗ್' ಎಂಬ ಬೋರ್ಡು ನೋಡಿ ಜನ ಬರುತ್ತಿದ್ದರು. ಆಸಿಲೋಸ್ಕೋಪಿನ ತೆರೆಯ ಮೇಲೆ ನಾಲ್ಕು ಸಿಲಿಂಡರಿನ ಕಿಡಿಗಳು ನಾಲ್ಕು ಗೆರೆಗಳಾಗಿ ಕಾಣುತ್ತಿದ್ದವು. ಮನೆಯಲ್ಲೇ ರಿಪೇರಿ ಮಾಡುವವರಿಗೆ ಗನ್ಸನ್ ಕಂಪನಿ ಕಲರ್‌ಟ್ಯೂನ್ ಎಂಬ ಗಾಜಿನ ಪ್ಲಗ್ ತಂದಿತು. ಅದನ್ನು ಹಾಕಿ ಇಣುಕಿದರೆ ಸಿಲಿಂಡರಿನೊಳಗಿನ ಬೆಂಕಿಯೇ ಕಾಣುತ್ತದೆ. ಹಳದಿ ಕಂಡರೆ ಪೆಟ್ರೋಲ್ ಹೆಚ್ಚು, ಗ್ಯಾಸ್ ಒಲೆಯ ನೀಲಿ ಕಂಡರೆ ಸರಿ. ಇವೆಲ್ಲಕ್ಕಿಂತ ಅಗ್ಗದ್ದೂ ಹೆಚ್ಚು ಸತ್ಯ ಹೇಳುವುದೂ ಬಹುಶಃ ವ್ಯಾಕ್ಯೂಮ್ ಗೇಜ್. ಮುಳ್ಳು 18ರಿಂದ 21 ಇಂಚಿನ ನಡುವೆ ಅಲುಗದೆ ನಿಂತರೆ ನೆಮ್ಮದಿ. ಕೆಳಗೆ ಸ್ಥಿರವಾಗಿದ್ದರೆ ಸೋರಿಕೆ ಅಥವಾ ತಡವಾದ ಕಿಡಿ. ತಾಳ ಹಾಕಿದಂತೆ ಒಂದೇ ಲಯದಲ್ಲಿ ಬಿದ್ದು ಬಿದ್ದು ಏಳುತ್ತಿದ್ದರೆ ಒಂದು ವಾಲ್ವ್ ಸುಟ್ಟಿದೆ.

ಇಲ್ಲಿಯವರೆಗಿನ ಶಕ್ತಿನಾಶ ಯಂತ್ರದ ಸವೆತದ್ದು. ಇನ್ನೊಂದು ಬಗೆಯದು ಸರ್ಕಾರದ ಗೆಜೆಟ್ಟಿನಿಂದ ಬಂತು. 1940ರ ದಶಕದಿಂದ ಲಾಸ್ ಏಂಜಲಿಸ್ ಜನ ಕಣ್ಣುರಿಸುವ ಹೊಗೆಮಂಜಿನಲ್ಲಿ ಒದ್ದಾಡುತ್ತಿದ್ದರು. ಆರೀ ಹಾಗೆನ್-ಸ್ಮಿತ್ ಎಂಬ ಡಚ್ ಮೂಲದ ರಸಾಯನವಿಜ್ಞಾನಿ, ಅನಾನಸಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದವನು, 1950ರ ದಶಕದ ಆರಂಭದಲ್ಲಿ ಇದರ ಗುಟ್ಟು ಬಿಡಿಸಿದ. ಪೂರ್ತಿ ಉರಿಯದ ಪೆಟ್ರೋಲಿನ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿಗೆ ಬೆಂದು ಈ ವಿಷವಾಗುತ್ತಿದ್ದವು. ದೊಡ್ಡ ಪಾಲು ಕಾರುಗಳದು. ಅಲ್ಲಿಂದ ಕಾನೂನುಗಳು ಬಂದವು, 1970ರ ಕ್ಲೀನ್ ಏರ್ ಆಕ್ಟ್ ಅದರ ಶಿಖರ. ಎಂಜಿಯ ಮುಖ್ಯ ಮಾರುಕಟ್ಟೆ ಅಮೆರಿಕ, ಕ್ಯಾಲಿಫೋರ್ನಿಯಾ ಅದರಲ್ಲೂ ಮುಖ್ಯ. ಆಬಿಂಗ್ಡನ್ನಿನ ಬಡ ಕಾರ್ಖಾನೆಗೆ ಹೊಸ ಎಂಜಿನ್ ಮಾಡುವಷ್ಟು ದುಡ್ಡಿರಲಿಲ್ಲ. ಹಳೆಯದಕ್ಕೇ ತೇಪೆ ಹಾಕಿದರು. ಎಂಜಿನ್ನಿನ ಹಬೆಯನ್ನು ಮತ್ತೆ ಒಳಗೆಳೆಯುವ ವಾಲ್ವ್, ಸೈಲೆನ್ಸರ್ ಕಡೆ ಗಾಳಿ ಊದುವ ಪಂಪು, ಆಕ್ಸಿಲರೇಟರ್ ಬಿಟ್ಟಾಗ ಇನ್‌ಲೆಟ್ ಕೊಳವೆಗೆ ಗುಟುಕು ಗಾಳಿ ಬಿಡುವ 'ಗಲ್ಪ್ ವಾಲ್ವ್'. ಮಿಶ್ರಣವನ್ನು ಆದಷ್ಟು ತೆಳುವಾಗಿಟ್ಟರು. 1975ರ ಹೊತ್ತಿಗೆ ಅಮೆರಿಕಕ್ಕೆ ಹೋಗುವ ಎಂಜಿಬಿಗೆ ಎರಡು ಎಸ್‌ಯು ಹೋಗಿ ಒಂದೇ ಝೆನಿತ್-ಸ್ಟ್ರೋಂಬರ್ಗ್ ಕಾರ್ಬೊರೇಟರ್ ಬಂತು, ಕ್ರೋಮಿನ ಬದಲು ಕಪ್ಪು ರಬ್ಬರಿನ ಭಾರದ ಬಂಪರ್ ಬಂತು, 95 ಇದ್ದ ಅಶ್ವಶಕ್ತಿ 65ರ ಆಸುಪಾಸಿಗೆ ಇಳಿಯಿತು. ಅಮೆರಿಕದಲ್ಲಿ 1972ರ ಸುಮಾರಿಗೆ ಅಶ್ವಶಕ್ತಿ ಅಳೆಯುವ ಪದ್ಧತಿಯೂ ಬದಲಾಗಿತ್ತು. ಆ ಕಾಲದ ಕಾರುಗಳ ಕುಸಿತದಲ್ಲಿ ಒಂದು ಪಾಲು ಬರೀ ಲೆಕ್ಕದ್ದು ಎಂಬುದನ್ನು ಮರೆತು ಕಣ್ಣೀರು ಹಾಕುವವರು ಬಹಳ.

ರೋಗ ಹುಡುಕುವವನ ಕಷ್ಟ ಮಾತ್ರ ಲೆಕ್ಕದ್ದಲ್ಲ. ಹೊಸ ಪ್ರತಿಯೊಂದು ವಾಲ್ವೂ ಗಾಳಿ ಸೋರಬಹುದಾದ ಹೊಸ ಬಾಗಿಲು. ಗಲ್ಪ್ ವಾಲ್ವ್ ಸಿಕ್ಕಿಕೊಂಡರೆ ನಿಂತಲ್ಲಿ ನಡುಕ. ಸ್ಟ್ರೋಂಬರ್ಗ್‌ನ ಪಿಸ್ಟನ್ ಎತ್ತುವ ರಬ್ಬರ್ ಪೊರೆ ಹರಿದರೆ ಪಿಸ್ಟನ್ ಏಳುವುದೇ ಇಲ್ಲ, ಏರಿನಲ್ಲಿ ಏದುಸಿರು. ಇನ್ನು ಸುಸ್ಥಿತಿಯಲ್ಲಿದ್ದ ಕಾರೂ ತೆಳು ಮಿಶ್ರಣದಿಂದಾಗಿ ಸ್ವಲ್ಪ ನಡುಗುತ್ತಲೇ ಇತ್ತು. ಇದು ಕಾಯಿಲೆಯೋ ಕಾರ್ಖಾನೆಯ ಸೆಟ್ಟಿಂಗೋ ಎಂದು ಹೇಳುವುದೇ ಕಷ್ಟ. ಅನೇಕ ಮಾಲೀಕರು ಪಂಪು ಪೈಪು ಎಲ್ಲ ಕಿತ್ತು ಬಿಸಾಕಿ ಹಳೆಯ ಜೋಡಿ ಎಸ್‌ಯು ಹಾಕಿಸಿಕೊಂಡರು. ಕಾರಿನ ಪ್ರೀತಿಯ ದೃಷ್ಟಿಯಿಂದ ಇದು ಅರ್ಥವಾಗುತ್ತದೆ. ಆದರೆ ಆ ಕಾನೂನುಗಳನ್ನು ಹಳಿಯುವವರು ನವೆಂಬರಿನ ದೆಹಲಿಯಲ್ಲಿ ಒಂದು ವಾರ ಉಸಿರಾಡಿ ನೋಡಬೇಕು.

ಗಾಳಿ, ಕಿಡಿ, ಕಾನೂನು ಆಯಿತು. ಉಳಿದದ್ದು ಪೆಟ್ರೋಲ್. ಇಲ್ಲಿ ಕೆಟರಿಂಗ್ ಮತ್ತೆ ಬರುತ್ತಾನೆ. ಜನರಲ್ ಮೋಟರ್ಸಿನಲ್ಲಿ ಆತನ ಕೈಕೆಳಗೆ ದುಡಿಯುತ್ತಿದ್ದ ಥಾಮಸ್ ಮಿಜ್ಲಿ 1921ರಲ್ಲಿ ಕಂಡುಹಿಡಿದದ್ದು ಟೆಟ್ರಾಈಥೈಲ್ ಲೆಡ್. ಪೆಟ್ರೋಲಿಗೆ ಚಿಟಿಕೆಯಷ್ಟು ಈ ಸೀಸ ಬೆರೆಸಿದರೆ ಎಂಜಿನ್ನಿನ 'ನಾಕಿಂಗ್' ನಿಲ್ಲುತ್ತಿತ್ತು. ಅದು ಮಕ್ಕಳ ಮಿದುಳಿಗೆ ವಿಷ ಎಂಬುದನ್ನು ಜಗತ್ತು ಒಪ್ಪಿಕೊಳ್ಳಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ಭಾರತದಲ್ಲಿ 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂತು, ಬ್ರಿಟನ್ನಿನಲ್ಲೂ ಅದೇ ವರ್ಷದ ಆರಂಭದಿಂದ. ಕಟ್ಟಕಡೆಗೆ ಅಲ್ಜೀರಿಯ 2021ರಲ್ಲಿ ನಿಲ್ಲಿಸಿತು.

ಆ ಸೀಸ ಯಾರೂ ಕೇಳದೆ ಇನ್ನೊಂದು ಕೆಲಸ ಮಾಡುತ್ತಿತ್ತು. ಬಿಸಿ ಹೊಗೆ ಹೊರಹೋಗುವ ವಾಲ್ವಿನ ಕೂರುವ ಜಾಗಕ್ಕೆ ತೆಳ್ಳನೆಯ ಲೇಪವಾಗಿ ಕೂತು ಲೋಹಕ್ಕೆ ಲೋಹ ಅಂಟದಂತೆ ಕಾಯುತ್ತಿತ್ತು. ಬಿ-ಸೀರೀಸ್‌ನಲ್ಲಿ ಆ ಜಾಗ ಬರೀ ಎರಕದ ಕಬ್ಬಿಣ. ಸೀಸ ಹೋದ ಮೇಲೆ, ಜೋರಾಗಿ ಓಡಿಸುವ ಕಾರುಗಳಲ್ಲಿ ವಾಲ್ವು ಪ್ರತಿ ಸಲ ಬಡಿದಾಗಲೂ ಕೂದಲಷ್ಟು ಕಬ್ಬಿಣ ಕಿತ್ತುಕೊಂಡು ಮೆಲ್ಲಗೆ ಒಳಕ್ಕೆ ಇಳಿಯಿತು. ವಾಲ್ವು ಒಳಸರಿದಷ್ಟೂ ಅದರ ತಲೆ ಮೇಲಕ್ಕೆ ಬರುತ್ತದೆ, ಎಂಜಿಬಿಯಲ್ಲಿ 15 ಸಾವಿರಾಂಶ ಇಂಚು ಇರಬೇಕಾದ ಟ್ಯಾಪೆಟ್ ಅಂತರ ಮುಚ್ಚಿಹೋಗುತ್ತದೆ. ಇದರ ಮೊದಲ ಲಕ್ಷಣ ಎಂಜಿನ್ ಸದ್ದು ಕಡಿಮೆಯಾಗುವುದು. ಟಕಟಕ ನಿಂತಿತಲ್ಲ ಎಂದು ಮಾಲೀಕ ಹಿಗ್ಗುತ್ತಾನೆ. ಆಮೇಲೆ ಬಿಸಿಯಾದಾಗ ವಾಲ್ವು ಪೂರ್ತಿ ಮುಚ್ಚದೆ ಒತ್ತಡ ಸೋರುತ್ತದೆ, ನಿಂತಾಗ ನಡುಕ, ಆಮೇಲೆ ಶಕ್ತಿನಾಶ, ಕೊನೆಗೆ ವಾಲ್ವಿನ ಅಂಚು ಸುಟ್ಟು ಕರಗುತ್ತದೆ. ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದು ನಿಲ್ಲಿಸಿದ ಟ್ಯಾಪೆಟ್ಟಿಗೆ ಹಳಬರು ಹೆದರುತ್ತಿದ್ದದ್ದು ಇದಕ್ಕೆ. ಕಾರ್ಬೊರೇಟರ್ ತಿರುಗಿಸುತ್ತ ಕೂತವನಿಗೆ ಇದು ಎಂದೂ ಸಿಗುವುದಿಲ್ಲ. ಪ್ಲಗ್ ಬಿಚ್ಚಿ ಕಂಪ್ರೆಷನ್ ಗೇಜ್ ಇಟ್ಟರೆ ಎರಡು ನಿಮಿಷದ ಕೆಲಸ. ಮೂರು ಸಿಲಿಂಡರ್ 160 ತೋರಿಸಿ ಒಂದು 90 ತೋರಿಸಿದರೆ ಮಾತು ಮುಗಿಯಿತು. ಗಟ್ಟಿ ಲೋಹದ ಸೀಟು ಕೂರಿಸಿದರೆ ವಾಸಿ. ಈಗ ಉಳಿದಿರುವ ಎಂಜಿಬಿಗಳಲ್ಲಿ ತುಂಬ ಕಾರುಗಳಿಗೆ ಈ ಶಸ್ತ್ರಚಿಕಿತ್ಸೆ ಆಗಿದೆ.

ಇತ್ತೀಚಿನ ಎರಡು ಕಾಯಿಲೆಗಳು ಹಳಬರಿಗೆ ಗೊತ್ತೇ ಇರಲಿಲ್ಲ. ಒಂದು, ಹೊಸ ಬಿಡಿಭಾಗಗಳು. 'ಅನುಮಾನ ಬಂದರೆ ಹೊಸದು ಹಾಕಿ ನೋಡು' ಎಂಬುದು ಹಿಂದೆ ಒಳ್ಳೆಯ ಬುದ್ಧಿವಾದವಾಗಿತ್ತು. ಈ ಶತಮಾನದಲ್ಲಿ ಮಾರುಕಟ್ಟೆಗೆ ಬಂದ ಅಗ್ಗದ ನಕಲುಗಳು ಅದನ್ನು ತಲೆಕೆಳಗು ಮಾಡಿದವು. ಕಿಡಿ ಹಂಚುವ ರೋಟರ್ ಆರ್ಮ್‌ನ ಪ್ಲಾಸ್ಟಿಕ್ಕು ಸರಿಯಿಲ್ಲದೆ ಕಿಡಿ ಅದರ ರಿವೆಟ್ಟಿನ ಮೂಲಕ ಕೆಳಗಿನ ಶಾಫ್ಟಿಗೇ ಸೋರುತ್ತಿತ್ತು. ಕಂಡೆನ್ಸರುಗಳು ಬಿಸಿಯಾದೊಡನೆ ಸಾಯುತ್ತಿದ್ದವು. ನಲವತ್ತು ವರ್ಷದ ಹಳೇ ಭಾಗ ತೆಗೆದು ಹೊಸದು ಹಾಕಿಸಿದ ಮೇಲೆ ಕಾರು ಹದಗೆಟ್ಟರೆ ಹೊಸದರ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಬಲ್ಲವರು ಈಗ ಹಳೆಯ ಭಾಗವನ್ನು ಎಸೆಯದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳುತ್ತಾರೆ, ಸುತ್ತಿಗೆಯ ಪಕ್ಕದಲ್ಲಿ.

ಎರಡನೆಯದು ಎಥನಾಲ್. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲಿನಲ್ಲಿ ನೂರಕ್ಕೆ 10ರವರೆಗೆ ಎಥನಾಲ್. ಭಾರತದಲ್ಲಿ ನೂರಕ್ಕೆ 20ರ ಇ20 ಪೆಟ್ರೋಲ್ 2023ರಿಂದ ಬಂಕುಗಳಿಗೆ ಬರತೊಡಗಿತು. ಹಳೆಯ ರಬ್ಬರ್ ಪೈಪುಗಳನ್ನು ಎಥನಾಲ್ ಮೆತ್ತಗಾಗಿಸಿ ಸೀಳುತ್ತದೆ, ಪೈಪಿನ ಪುಡಿ ಹೋಗಿ ಫ್ಲೋಟ್ ಚೇಂಬರಿನ ಸೂಜಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಸೂಕ್ಷ್ಮವಾದದ್ದು ಮಿಶ್ರಣದ ಲೆಕ್ಕ. ಎಥನಾಲಿನೊಳಗೆ ಆಗಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಸುಮಾರು ಒಂಬತ್ತು ಪಾಲು ಗಾಳಿ ಸಾಕು. ಹೊಸ ಕಾರಿನ ಕಂಪ್ಯೂಟರ್ ಹೊಗೆಯನ್ನು ಮೂಸಿ ನೋಡಿ ತಾನೇ ಸರಿಮಾಡಿಕೊಳ್ಳುತ್ತದೆ. ಸ್ಕಿನ್ನರನ ಸೂಜಿಗೆ ಇದು ತಿಳಿಯದು, ಅದು 14.7ರ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ, ನಿಂತಲ್ಲಿ ಮತ್ತೆ ಅದೇ ನಡುಕ.

ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ 2014ರಲ್ಲಿ ನಿಂತಿತು. ಬಿ-ಸೀರೀಸ್ ಪೆಟ್ರೋಲ್ ಎಂಜಿನ್ ಅದಕ್ಕೂ ಎಷ್ಟೋ ಮೊದಲು ಇಸುಝು ಎಂಜಿನ್ನಿಗೆ ಜಾಗ ಬಿಟ್ಟಿತ್ತು. ಎಂಜಿ ಎಂಬ ಹೆಸರು ಮಾತ್ರ ಚೀನಾದ ಎಸ್‌ಎಐಸಿ ಕೈ ಸೇರಿ, 2019ರಿಂದ ಗುಜರಾತಿನ ಹಾಲೋಲ್ ಕಾರ್ಖಾನೆಯ ಕಾರುಗಳ ಮೂತಿಯ ಮೇಲೆ ಪುಣೆ, ಹೈದರಾಬಾದ್, ಚೆನ್ನೈ ರಸ್ತೆಗಳಲ್ಲಿ ಓಡಾಡುತ್ತಿದೆ. ಅವುಗಳಲ್ಲಿ ಎಷ್ಟೋ ಬ್ಯಾಟರಿಯವು. ಸಿಗ್ನಲ್ಲಿನಲ್ಲಿ ನಿಂತಾಗ ಅವುಗಳಿಗೆ ನಡುಗಲು ಏನೂ ಇಲ್ಲ. ಎಸ್‌ಯು ಕಾರ್ಬೊರೇಟರುಗಳನ್ನು ಇಂಗ್ಲೆಂಡಿನ ಸಾಲ್ಸ್‌ಬರಿ ಊರಿನ ಒಂದು ಕಂಪನಿ ಈಗಲೂ ಹೊಸದಾಗಿ ತಯಾರಿಸುತ್ತದೆ, ನೂರಾರು ಬಗೆಯ ಸೂಜಿಗಳ ಸಮೇತ. ಎಥನಾಲ್ ಪೆಟ್ರೋಲಿಗೆ ಹೊಂದಿಕೊಳ್ಳಲು ಕೆಲವರು ಇನ್ನಷ್ಟು ತೆಳ್ಳಗಿನ ಸೂಜಿ ತರಿಸುತ್ತಾರೆ. ಹೆಚ್ಚಿನವರು ಕಾರ್ಬೊರೇಟರಿನ ಅಡಿಯ ಆರು ಮುಖದ ನಟ್ಟನ್ನು ಒಂದು ಮುಖದಷ್ಟು ಇಳಿಸಿ, ಪಿನ್ ಒತ್ತಿ ಪಿಸ್ಟನ್ ಎತ್ತಿ, ಎಂಜಿನ್ ಏನು ಹೇಳುತ್ತದೆ ಎಂದು ಕೇಳುತ್ತಾರೆ.